ತುಂಬೆ ಗಿಡದ ಮುಂದೆ ಮೊಣಕಾಲೂರುವ ಮೊದಲು

ಮಳೆ ಹಿಂದೆ ಸರಿದು ಬದುವಿನ ಮೇಲೆ ತುಂಬೆ ಅರಳಿತೆಂದರೆ, ಹೊಸದಾಗಿ ಕ್ಯಾಮೆರಾ ಕೊಂಡ ಗೆಳೆಯರ ಪ್ರಶ್ನೆಗಳೂ ಶುರು. ಬಹುಪಾಲು ಪ್ರಶ್ನೆಗಳ ಬುಡದಲ್ಲಿ ಒಂದೊಂದು ತಪ್ಪು ನಂಬಿಕೆ ಇರುತ್ತದೆ.

ತಪ್ಪು ಕಲ್ಪನೆ: ದುಬಾರಿ ಮ್ಯಾಕ್ರೋ ಲೆನ್ಸ್ ಇಲ್ಲದೆ ಕೀಟಗಳ ಚಿತ್ರ ತೆಗೆಯಲಾಗದು.
ವಾಸ್ತವ: ಇದ್ದರೆ ಅನುಕೂಲ, ಅಷ್ಟೆ. ಮಾಮೂಲಿ 50 ಮಿ.ಮೀ. ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ 50 ಮಿ.ಮೀ. ಎಕ್ಸ್‌ಟೆನ್ಶನ್ ಟ್ಯೂಬ್ ಸೇರಿಸಿದರೆ ಹುಳು ತನ್ನ ನಿಜಗಾತ್ರದಲ್ಲೇ ಸೆನ್ಸರ್ ಮೇಲೆ ಮೂಡುತ್ತದೆ. ಟ್ಯೂಬಿನೊಳಗೆ ಗಾಜಿಲ್ಲ, ಬರೀ ಟೊಳ್ಳು. ಹಾಗಾಗಿ ಬೆಲೆಯೂ ಕಡಿಮೆ.

ತಪ್ಪು ಕಲ್ಪನೆ: ಅಪರ್ಚರ್ ಕಿರಿದಾದಷ್ಟೂ ಚಿತ್ರ ಸ್ಪಷ್ಟ.
ವಾಸ್ತವ: ನಿಜಗಾತ್ರದ ಚಿತ್ರದಲ್ಲಿ, ಫುಲ್ ಫ್ರೇಮ್ ಕ್ಯಾಮೆರಾದಲ್ಲಿ, ಎಫ್/8ಕ್ಕೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು 1 ಮಿ.ಮೀ. ಮಾತ್ರ. ಗಾಬರಿಯಾಗಿ ಎಫ್/22ಕ್ಕೆ ಹೋದರೆ, ಸಣ್ಣ ಕಿಂಡಿಯಲ್ಲಿ ನುಸುಳುವ ಬೆಳಕು ಚದುರಿ ಇಡೀ ಚಿತ್ರವೇ ಮಸುಕಾಗುತ್ತದೆ. ಅಪರ್ಚರ್ ಬದಲು ನೀವೇ ಜಾಗ ಬದಲಿಸಿ. ಚಿಟ್ಟೆ ರೆಕ್ಕೆ ಮಡಚಿ ಕೂತಿದ್ದರೆ ಸರಿಯಾಗಿ ಪಕ್ಕಕ್ಕೆ ಬನ್ನಿ. ಕಣ್ಣು, ಮೈ, ರೆಕ್ಕೆ ಮೂರೂ ಒಂದೇ ಮಟ್ಟಕ್ಕೆ ಸಿಗುತ್ತವೆ.

ತಪ್ಪು ಕಲ್ಪನೆ: ಹುಳುಗಳು ನಿಲ್ಲುವುದಿಲ್ಲ, ಹಿಡಿದು ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟರೆ ಕೆಲಸ ಸಲೀಸು.
ವಾಸ್ತವ: ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮರಗಟ್ಟಿದ ಜೀವದ ಕಾಲು, ಮೀಸೆಗಳ ಭಂಗಿಯೇ ಅಸಹಜ, ಬಲ್ಲವರು ನೋಡಿದೊಡನೆ ಗುರುತಿಸುತ್ತಾರೆ. ಅದಿರಲಿ, ಚಳಿಯನ್ನು ಬೆಳಗಿನ ಜಾವವೇ ಕೊಡುವಾಗ ಫ್ರಿಜ್ಜು ಯಾಕೆ? ಕಾರ್ತಿಕದ ಮುಂಜಾವು ಕೆರೆಯಂಚಿಗೆ ಹೋಗಿ ನೋಡಿ. ಏರೋಪ್ಲೇನ್ ಚಿಟ್ಟೆ ಹುಲ್ಲಿನ ಕಡ್ಡಿಗೆ ಜೋತುಬಿದ್ದಿರುತ್ತದೆ, ರೆಕ್ಕೆಯ ಒಂದೊಂದು ಚೌಕದಲ್ಲೂ ಇಬ್ಬನಿ. ಮೈ ಬಿಸಿಯಾಗದೆ ಅದು ಹಾರಲಾರದು. ಬಿಸಿಲು ತಾಗುತ್ತಿದ್ದಂತೆ ಮುಂಗಾಲೆತ್ತಿ ಕಣ್ಣು ಒರೆಸಿಕೊಳ್ಳುತ್ತದೆ, ನಿದ್ದೆಯಿಂದೆದ್ದ ಮಗುವಿನ ಹಾಗೆ. ಆ ಅರ್ಧ ಗಂಟೆ ನಿಮ್ಮದು. ನಿಮ್ಮ ನೆರಳು ಮಾತ್ರ ಅದರ ಮೇಲೆ ಬೀಳಬಾರದು.

ತಪ್ಪು ಕಲ್ಪನೆ: ಹೂವು ಓಡಿಹೋಗುವುದಿಲ್ಲ, ಹಾಗಾಗಿ ಸುಲಭ.
ವಾಸ್ತವ: ಗಾಳಿಯನ್ನು ಮರೆತವರ ಮಾತಿದು. ಬರಿಗಣ್ಣಿಗೆ ಕಾಣದಷ್ಟು ಅಲುಗಿದರೂ ಫೋಕಸ್ ತಪ್ಪುತ್ತದೆ. ಗಾಳಿ ನಿಂತರೂ, ಮೇಲಿಂದ ತೆಗೆದ ತುಂಬೆ ಬರೀ ಬಿಳಿ ಚುಕ್ಕೆ. ಹೂವಿನ ಮಟ್ಟಕ್ಕೆ ಬಗ್ಗಿದರೆ ರೋಮ ತುಂಬಿದ ಮೇಲ್ತುಟಿ, ಅದರಡಿ ಅಡಗಿದ ಕೇಸರಗಳು ಕಾಣುತ್ತವೆ. ಜೇನ್ನೊಣ ಕೆಳತುಟಿಯ ಮೇಲೆ ಕೂತು ಒಳಗೆ ತಲೆ ಹಾಕಿದರೆ ಪರಾಗ ಮೇಲಿಂದ ಅದಕ್ಕೆ ಮೆತ್ತುತ್ತದೆ.

ತಪ್ಪು ಕಲ್ಪನೆ: ಅಡ್ಡ ಬರುವ ಹುಲ್ಲು ಕಿತ್ತರೆ ನಷ್ಟವೇನಿಲ್ಲ.
ವಾಸ್ತವ: ಹುಲ್ಲಿನ ನಡುವೆ ಏನಿದೆಯೆಂದು ನೋಡದೆ ಕೈಯನ್ನೂ ಇಡಬಾರದು, ಕಾಲನ್ನೂ ಊರಬಾರದು. ಕರಾವಳಿಯ ಮುರಕಲ್ಲಿನ ಬಯಲುಗಳಲ್ಲಿ ಡ್ರೋಸೆರಾ ಎಂಬ ಕೀಟಾಹಾರಿ ಗಿಡವಿದೆ. ಎಲೆಗಳ ತುಂಬ ಅಂಟುಹನಿಯ ಕೆಂಪು ಕೂದಲು. ಅದರ ಒಂದು ಜಾತಿಯ ಇಡೀ ಗಿಡವೇ ನಾಣ್ಯದಗಲ, ನೆಲಕ್ಕಂಟಿಕೊಂಡಿರುತ್ತದೆ. ಒಂದು ಹೂವಿಗಾಗಿ ಮೊಣಕಾಲೂರಿ ಎದ್ದಾಗ ಇಂಥ ಮೂರು ಗಿಡ ನನ್ನ ಕಾಲಡಿ ನಜ್ಜುಗುಜ್ಜಾಗಿದ್ದವು. ಈಗ ಮೊದಲು ನೆಲ ನೋಡುತ್ತೇನೆ. ಕಾಲೂರಲು ಜಾಗವಿಲ್ಲದಿದ್ದರೆ ಕ್ಯಾಮೆರಾ ಚೀಲದಲ್ಲೇ ಉಳಿಯುತ್ತದೆ.