ಗಣಕದ ಹಳೆಯ ಆಟವೊಂದರ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂಬ ಮಾತು ನಮಗೆ ದೇವಸ್ಥಾನಗಳಿಂದ ಪರಿಚಿತವಾದದ್ದು. ಬಿದ್ದ ಗೋಡೆಯನ್ನು ಎತ್ತಿ ನಿಲ್ಲಿಸುವುದು, ಸೋರುವ ಮಾಳಿಗೆಗೆ ಗಾರೆ ಹಾಕಿಸುವುದು ಜೀರ್ಣೋದ್ಧಾರ. ಕಲ್ಲಿನ ಕಂಬಕ್ಕೆ ಎಣ್ಣೆಬಣ್ಣ ಬಳಿದು ನೆಲಕ್ಕೆ ನುಣುಪಾದ ಬಿಲ್ಲೆ ಹಾಸುವುದಕ್ಕೂ ಇಂದು ಅದೇ ಹೆಸರು. ಮೊದಲನೆಯದು ಕಟ್ಟಡವನ್ನು ಉಳಿಸುತ್ತದೆ. ಎರಡನೆಯದು ಅದನ್ನು ಮುಚ್ಚುತ್ತದೆ. ಗಣಕಯಂತ್ರದ ಆಟಗಳಿಗೂ ಈಚೆಗೆ ಇಂಥ ಕೆಲಸ ನಡೆಯುತ್ತಿದೆ. ಇಪ್ಪತ್ತು ಇಪ್ಪತ್ತೈದು ವರ್ಷಗಳ ಹಿಂದೆ ಹೆಸರಾಗಿದ್ದ ಆಟವನ್ನು ಇಂದಿನ ಯಂತ್ರಕ್ಕೂ ಇಂದಿನ ಕಣ್ಣಿಗೂ ಒಗ್ಗುವಂತೆ ತಿದ್ದಿ ಮತ್ತೆ ಮಾರುಕಟ್ಟೆಗೆ ಬಿಡುತ್ತಾರೆ. ‘ರೀಮಾಸ್ಟರ್’ ಎಂದು ಅದನ್ನು ಕರೆಯುತ್ತಾರೆ. ಹೀಗೆ ಮರುಹುಟ್ಟು ಪಡೆದ ‘ಏಜ್ ಆಫ್ ಎಂಪೈರ್ಸ್’ ಎಂಬ ಆಟದ ಎರಡನೆಯ ಭಾಗ ಇಂದಿಗೂ ಆಡಲು ಯೋಗ್ಯವಾಗಿ ನಿಂತಿದೆಯೆ ಎಂಬುದನ್ನು ಇಲ್ಲಿ ವಿಚಾರಿಸೋಣ. ಕನ್ನಡ ಪಂಡಿತನಿಗೆ ಈ ಉಸಾಬರಿ ಏತಕ್ಕೆ ಎಂದು ನೀವು ಕೇಳಬಹುದು. ಆ ಆಟದೊಳಗೆ ನಮ್ಮ ಭಾಷೆಯ ಒಂದು ಮಾತು ವೇಷ ಮರೆಸಿಕೊಂಡು ಕುಳಿತಿದೆ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು, ಆಟವನ್ನು ಕಾಣದವರಿಗಾಗಿ ನಾಲ್ಕು ಮಾತು. ಅಮೆರಿಕದ ಎನ್ಸೆಂಬಲ್ ಸ್ಟುಡಿಯೋಸ್ ಎಂಬ ಸಂಸ್ಥೆ ಇದನ್ನು ರಚಿಸಿತು. ಮೈಕ್ರೋಸಾಫ್ಟ್ ಕಂಪೆನಿ ೧೯೯೯ರಲ್ಲಿ ಪ್ರಕಟಿಸಿತು. ಕಾಲ ಮಧ್ಯಯುಗ. ಆಟ ತೊಡಗುವಾಗ ನಿಮ್ಮ ಕೈಯಲ್ಲಿ ಇರುವುದು ಊರಿನ ನಡುಮನೆ ಒಂದು, ಮೂವರು ಹಳ್ಳಿಗರು, ದಾರಿ ಹುಡುಕುವ ಒಬ್ಬ ರಾವುತ. ಸುತ್ತಲೂ ಕತ್ತಲೆ. ಹಳ್ಳಿಗರನ್ನು ಕಳುಹಿಸಿ ಕುರಿ, ಹಣ್ಣು, ಸೌದೆ, ಚಿನ್ನ, ಕಲ್ಲು ಕೂಡಿಸಬೇಕು. ಐವತ್ತು ಪಾಲು ಆಹಾರ ಕೊಟ್ಟರೆ ಇನ್ನೊಬ್ಬ ಹಳ್ಳಿಗ ಬರುತ್ತಾನೆ. ಹೀಗೆ ಕತ್ತಲ ಯುಗದಿಂದ ಸಾಮಂತರ ಯುಗಕ್ಕೆ, ಅಲ್ಲಿಂದ ಕೋಟೆಯ ಯುಗಕ್ಕೆ, ಕೊನೆಗೆ ಸಾಮ್ರಾಜ್ಯದ ಯುಗಕ್ಕೆ ಏರಿ ಎದುರಾಳಿಯನ್ನು ಗೆಲ್ಲಬೇಕು. ಯುದ್ಧದ ನಿಯಮ ಸರಳ: ಈಟಿಯವನು ಕುದುರೆಯನ್ನು ತಡೆಯುತ್ತಾನೆ, ಕುದುರೆ ಬಿಲ್ಲಾಳನ್ನು ತುಳಿಯುತ್ತದೆ, ಬಿಲ್ಲಾಳು ಈಟಿಯವನನ್ನು ದೂರದಿಂದಲೇ ಕೆಡಹುತ್ತಾನೆ. ಆದರೆ ಸೈನ್ಯಕ್ಕೆ ಮೊದಲು ಕಣಜ ತುಂಬಬೇಕು. ಇಲ್ಲಿ ಸೋಲುವವರು ಬಹುಮಟ್ಟಿಗೆ ರಣರಂಗದಲ್ಲಿ ಸೋಲುವುದಿಲ್ಲ, ಕಣಜದಲ್ಲಿ ಸೋಲುತ್ತಾರೆ.

ಎರಡು ಸಾವಿರದ ಇಸವಿಯ ಆಚೀಚೆ ಜಯನಗರ, ಬನಶಂಕರಿ ಕಡೆಯ ಸೈಬರ್ ಕೆಫೆಗಳಲ್ಲಿ ನಮ್ಮ ಹುಡುಗರು ಇದನ್ನು ಆಡುತ್ತಿದ್ದರು. ಯಂತ್ರಗಳನ್ನು ತಂತಿಯಿಂದ ಒಂದಕ್ಕೊಂದು ಜೋಡಿಸಿದ್ದರೆ ಎಂಟು ಮಂದಿಯವರೆಗೆ ಕೂಡಿ ಆಡಬಹುದಾಗಿತ್ತು. ಪಕ್ಕದ ಕುರ್ಚಿಯವನೇ ಶತ್ರು. ಅವನ ಪರದೆಯನ್ನು ಓರೆಗಣ್ಣಿನಿಂದ ನೋಡುವುದೂ ಒಂದು ಯುದ್ಧನೀತಿಯೇ. ಮನೆಪಾಠಕ್ಕೆಂದು ಹೊರಟವರು ಅಲ್ಲಿ ಸಿಕ್ಕಿಬಿದ್ದದ್ದುಂಟು. ಅವರನ್ನು ಹಿಡಿಯಲು ಹೋದ ಉಪಾಧ್ಯಾಯರು ಹತ್ತು ನಿಮಿಷ ನಿಂತು ನೋಡಿ ಬಂದದ್ದೂ ಉಂಟು.

ಜೀರ್ಣೋದ್ಧಾರ ಎರಡು ಸಲ ನಡೆಯಿತು. ಮೊದಲನೆಯದು ೨೦೧೩ರಲ್ಲಿ. ಅದನ್ನು ಸುಣ್ಣ ಬಳಿದದ್ದು ಎಂದರೆ ಸಾಕು. ಮೂಲ ಸಂಸ್ಥೆ ೨೦೦೯ರಲ್ಲಿಯೇ ಮುಚ್ಚಿಹೋಗಿತ್ತು. ನಿಜವಾದ ಕೆಲಸ ನಡೆದದ್ದು ೨೦೧೯ರ ನವೆಂಬರಿನಲ್ಲಿ ಹೊರಬಂದ ‘ಡೆಫಿನಿಟಿವ್ ಎಡಿಷನ್’ ಎಂಬ ಆವೃತ್ತಿಯಲ್ಲಿ. ಅದರ ಪ್ರಧಾನ ಕರ್ತೃಗಳಾದ ಫಾರ್ಗಾಟನ್ ಎಂಪೈರ್ಸ್ ಬಳಗದವರು ಮೊದಲು ಈ ಆಟದ ಅಭಿಮಾನಿಗಳಾಗಿ ಹವ್ಯಾಸಕ್ಕೆ ಅದನ್ನು ವಿಸ್ತರಿಸಿದವರು. ಚಿತ್ರಗಳನ್ನೆಲ್ಲ ಹೊಸದಾಗಿ ಬರೆದಿದ್ದಾರೆ. ಕೋಟೆ ಬಿದ್ದರೆ ಈಗ ಕಲ್ಲು ಕಲ್ಲಾಗಿ ಉರುಳುತ್ತದೆ. ಹಳೆಯ ಆಟಕ್ಕೆ ೩೨ ಮೆಗಾಬೈಟ್ ಸ್ಮೃತಿಯಿದ್ದರೆ ಸಾಕಾಗಿತ್ತು. ಹೊಸದಕ್ಕೆ ಕಡಮೆಯೆಂದರೆ ೪ ಗಿಗಾಬೈಟ್, ಎಂದರೆ ನೂರಿಪ್ಪತ್ತೆಂಟು ಪಟ್ಟು ಬೇಕು.

ಇಷ್ಟಾದರೂ ಆಟ ಬದಲಾಗಿಲ್ಲವೆಂಬುದೇ ವಿಶೇಷ. ಚೌಕಾಬಾರವನ್ನು ಇದ್ದಿಲಿನಿಂದ ನೆಲದ ಮೇಲೆ ಗೀಚಿ ಆಡಿದರೂ ರೇಷ್ಮೆಯ ಹಾಸಿನ ಮೇಲೆ ಆಡಿದರೂ ಕವಡೆ ಬೀಳುವ ಬಗೆ ಒಂದೇ ಅಲ್ಲವೆ? ಈಟಿ, ಕುದುರೆ, ಬಿಲ್ಲುಗಳ ಲೆಕ್ಕ ೧೯೯೯ರಲ್ಲಿ ಇದ್ದಂತೆಯೇ ಇದೆ. ಹಳ್ಳಿಗನ ಬೆಲೆ ಇಂದಿಗೂ ಐವತ್ತೇ. ಆಟ ಹಳತಾಗದಿರುವುದಕ್ಕೆ ಮುಖ್ಯ ಕಾರಣ ಇದು. ಹೊಸ ಚಿತ್ರಗಳಿಗೆ ಆ ಶ್ರೇಯಸ್ಸನ್ನು ಕೊಡಬಾರದು.

ತಾಳೆಗರಿಯ ಕಾವ್ಯವನ್ನು ಸಂಪಾದಿಸುವ ಪಂಡಿತನು ಲಿಪಿಕಾರನ ಕೈತಪ್ಪನ್ನು ತಿದ್ದಬಹುದು, ಕವಿಯ ಮಾತನ್ನು ತಿದ್ದಬಾರದು. ಈ ಆಟದ ಸಂಪಾದಕರನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕು. ಹಳೆಯ ಆಟದಲ್ಲಿ ಅರವತ್ತು ಪಾಲು ಸೌದೆ ಕೊಟ್ಟು ಹೊಲ ಮಾಡಿದರೆ ಅದು ನೂರೆಪ್ಪತ್ತೈದು ಪಾಲು ಬೆಳೆ ಕೊಟ್ಟು ಬೀಳುಬೀಳುತ್ತಿತ್ತು. ನೀವು ಯುದ್ಧದ ಗಡಿಬಿಡಿಯಲ್ಲಿ ಮರೆತರೆ ರೈತ ಕೈಕಟ್ಟಿ ನಿಂತಿರುತ್ತಿದ್ದ. ಮುಂದಿನ ವರ್ಷ ಬಂದ ‘ಕಾಂಕರರ್ಸ್’ ಎಂಬ ಅನುಬಂಧದಲ್ಲಿ ಬಿತ್ತನೆಯ ವೆಚ್ಚವನ್ನು ಮುಂಗಡವಾಗಿ ಕಟ್ಟಿಡುವ ಅನುಕೂಲವಾಯಿತು. ಈಗ ರೈತ ತಾನೇ ಬಿತ್ತಿಕೊಳ್ಳುತ್ತಾನೆ, ಸೌದೆ ಮಾತ್ರ ಖರ್ಚಾಗುತ್ತದೆ. ಇದು ಲಿಪಿಕಾರನ ತಪ್ಪನ್ನು ತಿದ್ದಿದಂತೆ, ನನ್ನ ಒಪ್ಪಿಗೆಯುಂಟು. ಬಿತ್ತುವ ಕಾಲ ಮೇಷ್ಟರು ಹೇಳಬೇಕೆ, ರೈತನಿಗೆ ಗೊತ್ತಿಲ್ಲವೆ? ಆದರೆ ದಾರಿ ಹುಡುಕುವ ರಾವುತನಿಗೂ ಒಂದು ಗುಂಡಿ ಕೊಟ್ಟಿದ್ದಾರೆ. ಅದನ್ನು ಒತ್ತಿದರೆ ಅವನು ತಾನಾಗಿಯೇ ನಾಡೆಲ್ಲ ಸುತ್ತಿ ಬರುತ್ತಾನೆ. ಕತ್ತಲೆಯಲ್ಲಿ ಒಂದೊಂದೇ ಹೆಜ್ಜೆ ಇಟ್ಟು ಚಿನ್ನದ ಗಣಿಯನ್ನೋ ಶತ್ರುವಿನ ಬೇಲಿಯನ್ನೋ ಕಾಣುವುದು ಕವಿಯ ಮಾತಾಗಿತ್ತು. ಅದನ್ನು ಮುಟ್ಟಬಾರದಾಗಿತ್ತು. ಆ ಗುಂಡಿಯನ್ನು ಒತ್ತದೆ ಇರುವ ಸ್ವಾತಂತ್ರ್ಯ ನಿಮಗಿದೆ, ಅಷ್ಟೇ ಸಮಾಧಾನ.

ಇನ್ನು ನಾಡುಗಳ ವಿಚಾರ. ೧೯೯೯ರಲ್ಲಿ ಆರಿಸಿಕೊಳ್ಳಲು ಹದಿಮೂರು ಜನಾಂಗಗಳಿದ್ದವು: ಬ್ರಿಟನ್ನರು, ಫ್ರಾಂಕರು, ಜಪಾನೀಯರು, ತುರ್ಕರು, ಮಂಗೋಲರು ಮುಂತಾಗಿ. ಭಾರತ ಇರಲಿಲ್ಲ. ಆನೆ ಬೇಕೆಂದರೆ ಜಯನಗರದ ಹುಡುಗ ಪಾರಸಿಕನಾಗಬೇಕಾಗಿತ್ತು, ಏಕೆಂದರೆ ಯುದ್ಧದ ಆನೆ ಅವರಲ್ಲಿ ಮಾತ್ರವೇ ಇತ್ತು! ೨೦೧೩ರಲ್ಲಿ ‘ಇಂಡಿಯನ್ಸ್’ ಎಂಬ ಒಂದೇ ಹೆಸರಿನಲ್ಲಿ ದೇಶವೆಲ್ಲ ಅಡಗಿ ಬಂತು. ೨೦೨೨ರ ಏಪ್ರಿಲಿನಲ್ಲಿ ‘ಡೈನಾಸ್ಟಿಸ್ ಆಫ್ ಇಂಡಿಯಾ’ ಎಂಬ ಅನುಬಂಧ ಪ್ರತ್ಯೇಕ ಬೆಲೆಗೆ ಹೊರಟಿತು. ಅದರಲ್ಲಿ ಹಳೆಯ ‘ಇಂಡಿಯನ್ಸ್’ ಹಿಂದೂಸ್ಥಾನಿಗಳಾದರು. ಬಂಗಾಳಿಗಳು, ಗುರ್ಜರರು, ದ್ರಾವಿಡರು ಹೊಸದಾಗಿ ಸೇರಿದರು. ಜನಾಂಗಗಳ ಸಂಖ್ಯೆ ಈಗ ನಲವತ್ತನ್ನು ದಾಟಿದೆ. ಹದಿಮೂರನ್ನು ಅಮರಕೋಶದಂತೆ ಬಾಯಿಪಾಠ ಮಾಡಬಹುದಾಗಿತ್ತು. ಈಗ ಹೊಸಬನಿಗೆ ತಲೆ ತಿರುಗುತ್ತದೆ. ಕೊಟ್ಟದ್ದು ಹೆಚ್ಚಾಯಿತು ಎನ್ನುವ ದೂರು ಇದೊಂದು.

ಈ ದ್ರಾವಿಡರಿಗೆ ಸಾಮ್ರಾಜ್ಯದ ಯುಗದಲ್ಲಿ ಕೋಟೆಯೊಳಗೆ ಕಲಿಯಲು ಒಂದು ವಿದ್ಯೆಯಿದೆ. ಅದನ್ನು ಕಲಿತ ಮೇಲೆ ಅವರ ಕಾಲಾಳಿನ ಕತ್ತಿಗೂ ಸವಾರನ ಕತ್ತಿಗೂ ಎದುರಾಳಿಯ ಕವಚ ಇಲ್ಲದಂತೆಯೇ ಸರಿ. ವಿದ್ಯೆಯ ಹೆಸರು ‘ವೂಟ್ಸ್ ಸ್ಟೀಲ್’. ನಾನು ಮೊದಲು ಹೇಳಿದ ವೇಷಧಾರಿ ಇದೇ. ಜಾರ್ಜ್ ಪಿಯರ್ಸನ್ ಎಂಬ ವಿದ್ವಾಂಸ ೧೭೯೫ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಓದಿದ ಪ್ರಬಂಧದಲ್ಲಿ ಮುಂಬಯಿಯಿಂದ ಬಂದ ಒಂದು ಲೋಹವನ್ನು ಈ ಹೆಸರಿನಿಂದ ವರ್ಣಿಸಿದ. ಕನ್ನಡ ತೆಲುಗುಗಳ ‘ಉಕ್ಕು’ ಎಂಬ ಮಾತೇ ಇಂಗ್ಲಿಷರ ಬರವಣಿಗೆಯಲ್ಲಿ ಕೆಟ್ಟು ಹೀಗಾಯಿತೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಕಬ್ಬಿಣದ ತುಂಡನ್ನು ಕಟ್ಟಿಗೆ ಎಲೆಗಳೊಂದಿಗೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ತಿದಿಯೊತ್ತಿ ಕಾಯಿಸಿದರೆ ಇಂಗಾಲ ಲೋಹಕ್ಕೆ ಸೇರಿ ಉಕ್ಕಾಗುತ್ತದೆ. ೧೮೦೦–೦೧ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬುಕಾನನ್ ಈ ಮೂಸೆಗಳನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಬೆಂಗಳೂರಿನ ಹುಡುಗನೊಬ್ಬ ‘ವೂಟ್ಸ್’ ಎಂದು ಒತ್ತುವಾಗ ತನ್ನ ಅಜ್ಜಿ ಆಡುವ ಮಾತನ್ನೇ ಒತ್ತುತ್ತಿದ್ದೇನೆಂದು ತಿಳಿಯನು. ಪರದೆಯ ಮೇಲೆ ಅದನ್ನು ಹೇಳುವವರಿಲ್ಲ. ಹೇಳಬೇಕಾದವರು ನಾವು.

ದ್ರಾವಿಡರಿಗೆ ಭಾರಿ ಕವಚದ ನೈಟ್ ಸವಾರರನ್ನು ಕೊಟ್ಟಿಲ್ಲ. ದಕ್ಷಿಣದಲ್ಲಿ ಒಳ್ಳೆಯ ಕುದುರೆ ದುರ್ಲಭವಾಗಿತ್ತು, ವಿಜಯನಗರದ ಅರಸರು ಪಶ್ಚಿಮದ ರೇವುಗಳಲ್ಲಿ ಅರಬ್ಬೀ ಕುದುರೆಗಳಿಗೆ ಹೊನ್ನು ಸುರಿಯುತ್ತಿದ್ದರು ಎಂಬುದನ್ನು ಬಲ್ಲವರಿಗೆ ಇದು ಪೂರ್ತಿ ಅನ್ಯಾಯವೆಂದು ತೋರದು. ನನಗೆ ಕೊರತೆಯೆನಿಸುವುದು ಬೇರೆ. ಚಾಳುಕ್ಯ, ಹೊಯ್ಸಳ, ವಿಜಯನಗರ, ಚೋಳ, ಪಾಂಡ್ಯ ಎಲ್ಲವೂ ‘ದ್ರಾವಿಡ’ ಎಂಬ ಒಂದೇ ಚೀಲದೊಳಗೆ ಬಿದ್ದಿವೆ. ಆ ಅನುಬಂಧದ ದಕ್ಷಿಣದ ಕಥಾನಾಯಕ ರಾಜೇಂದ್ರ ಚೋಳ. ಅವನು ದೊಡ್ಡವನೇ, ಸಂಶಯವಿಲ್ಲ. ಆದರೆ ಅವನೆದುರು ತುಂಗಭದ್ರೆಯ ಈಚೆ ನಿಂತಿದ್ದವರ ಹೆಸರು ನಮ್ಮ ಮಕ್ಕಳಿಗೆ ತಿಳಿಯಬೇಡವೆ?

ಮೂಲ ಆಟದಲ್ಲಿ ಒಂದು ಒಳ್ಳೆಯ ಉಪಕರಣವಿತ್ತು. ಹೊಸ ಆವೃತ್ತಿಯವರು ಅದನ್ನು ಕೆಡಿಸದೆ ಉಳಿಸಿದ್ದಾರೆ. ಆಡುವವನೇ ನೆಲ, ನದಿ, ಬೆಟ್ಟಗಳನ್ನು ಬಿಡಿಸಿ, ಸೈನ್ಯಗಳನ್ನು ನಿಲ್ಲಿಸಿ ತನ್ನದೇ ಪ್ರಸಂಗವನ್ನು ಕಟ್ಟಬಹುದು. ಕಳೆದ ಬೇಸಗೆಯಲ್ಲಿ ಒಂಬತ್ತನೆಯ ತರಗತಿಯ ಇಬ್ಬರು ಹುಡುಗರು ಇದರಿಂದ ೧೦೨೧ರ ಸುಮಾರಿನ ಮುಶಂಗಿಯ ಕದನವನ್ನು ಕಟ್ಟಿ ತೋರಿಸಿದರು. ಚೋಳ ಶಾಸನಗಳ ಈ ಮುಶಂಗಿಯನ್ನು ರಾಯಚೂರು ಜಿಲ್ಲೆಯ ಮಸ್ಕಿಯೆಂದು ಹಲವರು ಗುರುತಿಸುತ್ತಾರೆ. ಗೆಲುವು ತಮ್ಮದೆಂದು ಚೋಳರು ಹೇಳಿಕೊಂಡರೂ ಚಾಳುಕ್ಯ ಇಮ್ಮಡಿ ಜಯಸಿಂಹನು ಆಮೇಲೆಯೂ ಎರಡು ದಶಕ ಆಳಿದ. ಹುಡುಗರು ತುಂಗಭದ್ರೆಯನ್ನು ಸ್ವಲ್ಪ ಹೆಚ್ಚು ಅಗಲ ಮಾಡಿದ್ದರು. ಅದಕ್ಕೆ ನಾನೇನೂ ಹೇಳಲಿಲ್ಲ. ಜಯಸಿಂಹನ ಕಡೆಗೆ ಯಾವ ಜನಾಂಗವನ್ನು ಆರಿಸಿದಿರಿ ಎಂದು ಕೇಳಿದೆ. “ದ್ರಾವಿಡರೇ ಸಾರ್, ಬೇರೆ ಇಲ್ಲವಲ್ಲ,” ಎಂದರು. ರಾಜೇಂದ್ರನ ಕಡೆಗೆ? ಅವರೂ ದ್ರಾವಿಡರೇ. ಎರಡು ಸೈನ್ಯಕ್ಕೂ ಅದೇ ಆನೆ, ಅದೇ ಉಕ್ಕು. ಗುರುತಿಗೆ ಒಂದಕ್ಕೆ ನೀಲಿ ಬಣ್ಣ, ಇನ್ನೊಂದಕ್ಕೆ ಕೆಂಪು.