ಸಭೆಯ ಧ್ವನಿಯಲ್ಲಿ ಗುಂಯ್ ಸದ್ದು: ಕಾರಣ ಮತ್ತು ಪರಿಹಾರ



ಕಳೆದ ಬೇಸಿಗೆಯ ವಿಡಿಯೋ ಸಂವಾದವೊಂದರಲ್ಲಿ ಸಮೀರವಾಡಿ ಭಾಗದ ಸದಸ್ಯೆಯೊಬ್ಬರು ತಮ್ಮ ವಾರ್ಡಿನ ಕೊಳವೆಬಾವಿ ಬತ್ತಿರುವುದನ್ನು ವಿವರಿಸಿದರು. ಆ ತುದಿಯಲ್ಲಿ ಕೇಳಿಸಿದ್ದು ಬರೀ ಗುಂಯ್‌ಗುಡುವ ಸದ್ದು. ನಡಾವಳಿಯಲ್ಲಿ ಅವರ ಅಹವಾಲು ದಾಖಲಾಗಲಿಲ್ಲ. ಇಂಥಲ್ಲಿ ಕಂಪ್ಯೂಟರನ್ನೇ ಬದಲಿಸುವ ಸಲಹೆ ಬರುವುದುಂಟು. ಬಹುತೇಕ ಅದು ಅನಾವಶ್ಯಕ ವೆಚ್ಚ.

ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ಕಳಚಿ, ಬ್ಯಾಟರಿಯ ಮೇಲೆ ಧ್ವನಿ ಮುದ್ರಿಸಿ ಕೇಳಿರಿ. ಸದ್ದು ನಿಂತರೆ ದೋಷ ವಿದ್ಯುತ್ ಮಾರ್ಗದ್ದು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದು. ಅರ್ಥಿಂಗ್ ಸಮರ್ಪಕವಾಗಿರದಿದ್ದರೆ ಆ ಮಿಡಿತವೇ ಧ್ವನಿಯೊಳಗೆ ನುಸುಳುತ್ತದೆ. ಕಂಪ್ಯೂಟರ್ ಮತ್ತು ಆಂಪ್ಲಿಫೈಯರ್ ಬೇರೆ ಬೇರೆ ಬೋರ್ಡಿನಲ್ಲಿದ್ದರೂ ಹೀಗಾಗಬಹುದು. ಎರಡನ್ನೂ ಒಂದೇ ಬೋರ್ಡಿಗೆ ಜೋಡಿಸಿರಿ. ಸದ್ದು ತಪ್ಪಿಸಲೆಂದು ಪ್ಲಗ್ಗಿನ ಅರ್ಥ್ ಪಿನ್ ಮುರಿಯುವವರಿದ್ದಾರೆ. ಅದು ಜೀವಕ್ಕೇ ಅಪಾಯ.

ನಮ್ಮ ಎರೆಭೂಮಿ ಬೇಸಿಗೆಯಲ್ಲಿ ಬಿರಿಯುತ್ತದೆ. ಇದ್ದಿಲು, ಉಪ್ಪು ತುಂಬಿದ ಅರ್ಥಿಂಗ್ ಗುಂಡಿಯೂ ಒಣಗುತ್ತದೆ. ಕಚೇರಿಯ ಆ ಗುಂಡಿಗೆ ಕೊನೆಯ ಬಾರಿ ನೀರು ಹಾಕಿದ್ದು ಯಾವಾಗ ಎಂದು ತಾವು ವಿಚಾರಿಸಬಹುದು. (ನಮ್ಮಲ್ಲಿ ಯಾರಿಗೂ ನೆನಪಿರಲಿಲ್ಲ.) ನೀರುಣಿಸಿದ ಬಳಿಕವೂ ಸದ್ದು ಉಳಿದರೆ ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರಿಂದ ಪರೀಕ್ಷೆ ಮಾಡಿಸತಕ್ಕದ್ದು.

ಬ್ಯಾಟರಿಯಲ್ಲೂ ಸುಂಯ್ ಎನ್ನುತ್ತಿದ್ದರೆ, ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಮೈಕ್ರೊಫೋನ್ ಬೂಸ್ಟ್ ತಗ್ಗಿಸಿ, ಮೈಕನ್ನು ಮಾತನಾಡುವವರಿಗೆ ಗೇಣು ದೂರದಲ್ಲಿರಿಸಿರಿ. ಫ್ಯಾನಿನ ಗಾಳಿ ಮೈಕಿಗೆ ತಾಗದಿರಲಿ, ಮೊಬೈಲ್ ದೂರವಿರಲಿ.

ಗ್ರಾಮಸಭೆಯ ಮುದ್ರಣಕ್ಕೂ ಇದೇ ಕ್ರಮ ಅನ್ವಯಿಸುತ್ತದೆ. ಸಭೆಗೆ ಅರ್ಧ ಗಂಟೆ ಮೊದಲು ಒಂದು ನಿಮಿಷ ಮುದ್ರಿಸಿ ಕೇಳಿದ ನಂತರವೇ ಕಲಾಪ ಆರಂಭಿಸಲು ಕೋರಿದೆ.