ನಿಮಗಿದು ಗೊತ್ತೆ? ಜೀನ್ ಒಂದೇ, ಅಪಾಯ ಹೆಂಗಸರಿಗೇ ಹೆಚ್ಚು!

ಅಣ್ಣನಿಗೂ ತಂಗಿಗೂ ಹೆತ್ತವರಿಂದ ಒಂದೇ ಜೀನ್ ಬಂದಿರಬಹುದು. ಆದರೆ ಅದು ತರುವ ಮರೆವಿನ ಕಾಯಿಲೆಯ ಅಪಾಯ ಇಬ್ಬರಿಗೂ ಒಂದೇ ಅಲ್ಲ!

ಆ ಜೀನ್ ಎಪಿಒಇ. ನಮ್ಮ 19ನೇ ವರ್ಣತಂತುವಿನಲ್ಲಿದೆ. ಇದರ ‘ಇ4’ ರೂಪ ಪಡೆದವರಿಗೆ ಆಲ್ಝೈಮರ್ ಬರುವ ಸಾಧ್ಯತೆ ಹೆಚ್ಚು. ಸುಮಾರು 58,000 ಜನರ ಮಾಹಿತಿ ಜಾಲಾಡಿದ 2017ರ ಅಧ್ಯಯನ ಇನ್ನೊಂದು ಅಚ್ಚರಿ ಹೊರಗೆಡವಿತು. ಇ4ರ ಒಂದು ಪ್ರತಿ ಇರುವವರಲ್ಲಿ, 65ರಿಂದ 75ರ ವಯಸ್ಸಿನ ನಡುವೆ, ಗಂಡಸರಿಗಿಂತ ಹೆಂಗಸರಿಗೇ ಅಪಾಯ ಜಾಸ್ತಿ.

ಈ ವ್ಯತ್ಯಾಸದ ಗುರುತು ಸಿಗುವುದು ಬೆನ್ನುಹುರಿಯ ದ್ರವದಲ್ಲಿ. ಇ4ಗೂ ಅಲ್ಲಿನ, ಆಲ್ಝೈಮರ್ ಸುಳಿವು ಕೊಡುವ ‘ಟಾವ್’ ಪ್ರೋಟೀನ್ ಮಟ್ಟಕ್ಕೂ ಇರುವ ನಂಟು ಹೆಂಗಸರಲ್ಲಿ ಹೆಚ್ಚು ಬಿಗಿ ಎಂದು 2018ರಲ್ಲಿ ಗೊತ್ತಾಯಿತು.

ನಮ್ಮ ದೇಶದ ಲೆಕ್ಕವೂ ಅತ್ತಲೇ ಬೆರಳು ತೋರುತ್ತದೆ. 60 ದಾಟಿದ ಹೆಂಗಸರಲ್ಲಿ ಶೇ 9, ಗಂಡಸರಲ್ಲಿ ಶೇ 5.8 ಮಂದಿಗೆ ಡಿಮೆನ್ಶಿಯಾ (ಮರೆವಿನ ಕಾಯಿಲೆ) ಇದೆ ಎಂಬುದು 2023ರಲ್ಲಿ ಪ್ರಕಟವಾದ ಅಂದಾಜು. ಪಟ್ಟಣಕ್ಕಿಂತ ಹಳ್ಳಿಯಲ್ಲೇ ಹೆಚ್ಚು. ಓದಿನ ಅವಕಾಶ ಸಿಗದಿದ್ದುದೂ ಅಪಾಯ ಹೆಚ್ಚಿಸುವ ಒಂದು ಕಾರಣ.

ಇಂಥ ಕಾರಣಗಳನ್ನು ಅರಿಯಲು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರ ರಕ್ತ, ಜೀನ್, ನೆನಪಿನ ಶಕ್ತಿಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ವರ್ಷಗಳಿಂದ ಪರೀಕ್ಷಿಸುತ್ತಿದೆ.

ಇ4 ಇದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ. ಬಿಪಿ, ಶುಗರ್, ಕಿವುಡುತನಕ್ಕೆ ಸಕಾಲದಲ್ಲಿ ಚಿಕಿತ್ಸೆ ಪಡೆದರೆ ಅಪಾಯ ತಗ್ಗಿಸಬಹುದು. ಮನೆಯ ಅಜ್ಜಿಯ ಮರೆವು ಹೆಚ್ಚುತ್ತಿದ್ದರೆ ‘ವಯಸ್ಸಾಯ್ತು’ ಎಂದು ಸುಮ್ಮನಾಗಬೇಡಿ. ವೈದ್ಯರಿಗೆ ತೋರಿಸಿ.